ಬೆಂಚ್ ಪ್ರೆಸ್: ದಾವಣಗೆರೆಯ ಜಿಮ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಐದೂವರೆಗೆ ಜಿಮ್‌ನ ಷಟರ್ ಎತ್ತಿದರೆ ಮೊದಲು ತುಂಬುವ ಜಾಗ ಬೆಂಚ್. ಕುಂದವಾಡ ಕೆರೆ ಸುತ್ತಿ ಬಂದವರಿಗೂ ಅದೇ ಬೇಕು, ಹಾಸ್ಟೆಲಿನ ಇಂಜಿನಿಯರಿಂಗ್ ಹುಡುಗರಿಗೂ ಅದೇ, ಗರಡಿಯಲ್ಲಿ ಸಾಮು ಮಾಡಿ ಬೆಳೆದವರಿಗೂ ಅದೇ. ಬೆಂಚ್ ಮೇಲೆ ಅಂಗಾತ ಮಲಗಿ ತೂಕದ ರಾಡನ್ನು ಎದೆಗೆ ಇಳಿಸಿ ಮೇಲಕ್ಕೆ ತಳ್ಳುವುದೇ ಬೆಂಚ್ ಪ್ರೆಸ್; ಹೊಸಬರಿಗೆ ಇದನ್ನು ಹೇಳಿಕೊಡುತ್ತಾ ನನಗೆ ಹನ್ನೆರಡು ವರ್ಷವಾಯಿತು. ರಾಡ್ ಕೆಳಗೆ ಮಲಗಿದವನಿಗೆ ಪೂರ್ತಿ ವಿವರಿಸಲು ಆಗುವುದಿಲ್ಲ, ಅದಕ್ಕೇ ಬರೆದಿಟ್ಟಿದ್ದೇನೆ. ಒಂದು ಮಾತನ್ನು ಮೊದಲೇ ಹೇಳುತ್ತೇನೆ: ನಾನು ನೋಡಿದ ಮಟ್ಟಿಗೆ ಬೆಂಚ್ ಪ್ರೆಸ್ ಕೆಡುವುದು ರಾಡ್ ಎತ್ತುವಾಗಲ್ಲ, ಅದಕ್ಕೂ ಮೊದಲು ಮಲಗುವಾಗ. ಹಾಗಾಗಿ ಮಲಗುವ ವಿಚಾರಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೆಂಚ್ ಪ್ರೆಸ್ ಅಂದ್ರೆ ಎದೆಗೆ ಮಾತ್ರಾನಾ?

ಎದೆಯ ದೊಡ್ಡ ಸ್ನಾಯು ಮುಖ್ಯ ಕೆಲಸಗಾರ. ಅದರ ಜೊತೆಗೆ ಭುಜದ ಮುಂಭಾಗ ಮತ್ತು ರಟ್ಟೆಯ ಹಿಂಭಾಗದ ಟ್ರೈಸೆಪ್ಸ್ ದುಡಿಯುತ್ತವೆ. ಬೆನ್ನು ಮತ್ತು ಕಾಲು ತೂಕ ಎತ್ತುವುದಿಲ್ಲ, ಆದರೆ ಎತ್ತುವವನನ್ನು ಅಲ್ಲಾಡದಂತೆ ಹಿಡಿದಿಡುತ್ತವೆ.

ಬೆಂಚ್ ಮೇಲೆ ಮಲಗೋದರಲ್ಲಿ ಕಲಿಯೋಕೆ ಏನಿದೆ?

ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರನ್ನು ಒಂದು ಹತ್ತು ನಿಮಿಷ ನಿಂತು ನೋಡಿ. ಚೀಲ ಬೆನ್ನಿಗೆ ಬೀಳುವ ಮೊದಲೇ ಅವರ ಕಾಲು ಊರಿರುತ್ತದೆ, ಸೊಂಟ ಬಿಗಿಯಾಗಿರುತ್ತದೆ. ಚೀಲ ಬಿದ್ದ ಮೇಲೆ ಕಾಲು ಹುಡುಕುವ ಹಮಾಲ ಒಬ್ಬನೂ ಇಲ್ಲ. ಬೆಂಚ್ ಮೇಲೂ ಹಾಗೆಯೇ. ನಮ್ಮ ಹುಡುಗರು ದೊಪ್ಪನೆ ಬಿದ್ದು, ರಾಡ್ ಕಿತ್ತುಕೊಂಡು, ತೂಕ ಕೈಗೆ ಬಂದ ಮೇಲೆ ಮೈ ಸರಿಮಾಡಿಕೊಳ್ಳಲು ನೋಡುತ್ತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಮಲಗಿದಾಗ ಕಣ್ಣು ರಾಡ್‌ನ ನೇರ ಕೆಳಗೆ ಬರಲಿ. ತೀರಾ ಮೇಲೆ ಸರಿದರೆ ತಳ್ಳುವಾಗ ರಾಡ್ ಸ್ಟ್ಯಾಂಡಿನ ಹುಕ್ಕಿಗೆ ಬಡಿಯುತ್ತದೆ, ತೀರಾ ಕೆಳಗಿದ್ದರೆ ರಾಡ್ ತೆಗೆಯಲು ಕೈ ಹಿಂದಕ್ಕೆ ಚಾಚಬೇಕಾಗಿ ಭುಜ ಸಡಿಲವಾಗುತ್ತದೆ.

ಮುಂದಿನದು ಬೆನ್ನ ಮೇಲಿನ ರೆಕ್ಕೆ ಮೂಳೆಗಳು. ಎರಡನ್ನೂ ಹಿಂದಕ್ಕೆ ಒಂದರ ಹತ್ತಿರ ಒಂದು ತಂದು, ಹಾಗೇ ಸೊಂಟದ ಕಡೆಗೆ ಕೆಳಕ್ಕೆ ಎಳೆಯಿರಿ. ಇಸ್ತ್ರಿ ಮಾಡಿದ ಅಂಗಿಯನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕುತ್ತಿದ್ದೀರಿ ಅಂದುಕೊಳ್ಳಿ. ಭುಜ ಆ ದಿಕ್ಕಿಗೆ ಹೋಗಬೇಕು. ಸರಿಯಾಗಿ ಎಳೆದರೆ ಎದೆ ತಾನಾಗಿ ಮೇಲೇಳುತ್ತದೆ, ಬೆನ್ನಿನ ಮೇಲ್ಭಾಗದಲ್ಲಿ ಗಟ್ಟಿಯಾದ ಒಂದು ಮೆಟ್ಟು ಸಿಕ್ಕಂತೆ ಆಗುತ್ತದೆ. ಕೊನೆಯ ರೆಪ್ (ಒಮ್ಮೆ ಇಳಿಸಿ ಎತ್ತುವುದು ಒಂದು ರೆಪ್) ಮುಗಿದು ರಾಡ್ ಹುಕ್ಕಿಗೆ ಕೂರುವವರೆಗೆ ಆ ಮೆಟ್ಟು ಜಾರಬಾರದು. ರಾಡ್ ಪೂರ್ತಿ ಮೇಲೆ ಹೋದಾಗ ಭುಜವನ್ನೂ ಜೊತೆಗೆ ಮೇಲಕ್ಕೆ ದೂಡುವ ಅಭ್ಯಾಸ ಬಹಳ ಜನಕ್ಕಿದೆ. ಅಲ್ಲೇ ಮೆಟ್ಟು ಕಳಚಿಹೋಗುತ್ತದೆ, ಮುಂದಿನ ರೆಪ್ ಸಡಿಲ ಭುಜದ ಮೇಲೆ ಇಳಿಯುತ್ತದೆ.

ಕೊನೆಗೆ ಪಾದ. ಮಂಡಿಯ ನೇರಕ್ಕೆ ಅಥವಾ ಸ್ವಲ್ಪ ಹಿಂದಕ್ಕೆ ಇಟ್ಟು ನೆಲಕ್ಕೆ ಒತ್ತಿ. ಕುಳ್ಳಗಿದ್ದು ಪಾದ ಪೂರ್ತಿ ಊರದಿದ್ದರೆ ಎರಡೂ ಪಾದದ ಕೆಳಗೆ ಒಂದೊಂದು 10 ಕೆಜಿ ಪ್ಲೇಟ್ ಹಾಕಿಕೊಳ್ಳಿ. ಕಾಲು ಬೆಂಚ್ ಮೇಲೆ ಎತ್ತಿಟ್ಟುಕೊಂಡು ತೂಕ ಹೊಡೆಯುವುದನ್ನು ಹೊಸಬರು ಮಾಡಬೇಡಿ. ರಾಡ್ ಒಂದು ಬದಿಗೆ ವಾಲಿದರೆ ಹಿಡಿದು ನಿಲ್ಲಿಸಲು ನೆಲವೇ ಇರುವುದಿಲ್ಲ.

ಇಷ್ಟಕ್ಕೆಲ್ಲ ಹತ್ತು ಸೆಕೆಂಡ್ ಸಾಕು. ಖಾಲಿ ರಾಡ್ ಇದ್ದರೂ ಇದೇ ಕ್ರಮದಲ್ಲಿ ಮಾಡಿ, ಆಗ ಭಾರ ಇದ್ದಾಗ ಯೋಚಿಸಬೇಕಾಗಿಲ್ಲ.

ಬೆನ್ನು ಕಮಾನಿನ ಹಾಗೆ ಎತ್ತೋದು ಮೋಸ ಅಲ್ವಾ ಸರ್?

ರೆಕ್ಕೆ ಮೂಳೆ ಹಿಂದಕ್ಕೆ ಎಳೆದು ಕಾಲು ಊರಿದರೆ ಸೊಂಟದ ಕೆಳಗೆ ಅಂಗೈ ತೂರುವಷ್ಟು ಸಂದು ಬಂದೇ ಬರುತ್ತದೆ. ಅದು ಬೆನ್ನೆಲುಬಿನ ಸಹಜ ಬಾಗು, ಭುಜಕ್ಕೆ ಅದರಿಂದ ಒಳ್ಳೆಯದೇ. ಪವರ್‌ಲಿಫ್ಟಿಂಗ್ ಎಂಬ ಭಾರ ಎತ್ತುವ ಕ್ರೀಡೆಯ ಸ್ಪರ್ಧಿಗಳು ಇದಕ್ಕಿಂತ ಹೆಚ್ಚು ಬಾಗುತ್ತಾರೆ, ಅದಕ್ಕೂ ನಿಯಮಗಳಿವೆ: ತಲೆ, ಭುಜ, ಪೃಷ್ಠ ಬೆಂಚಿಗೆ ಅಂಟಿರಬೇಕು, ಪಾದ ನೆಲದ ಮೇಲಿರಬೇಕು. 2023ರಿಂದ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ ಇನ್ನೊಂದು ನಿಯಮ ಸೇರಿಸಿದೆ. ರಾಡ್ ಎದೆಗೆ ತಾಗಿದಾಗ ಮೊಣಕೈಯ ಕೆಳಭಾಗ ಭುಜದ ಕೀಲಿನ ಮೇಲ್ಭಾಗಕ್ಕೆ ಸಮವಾಗಿ ಅಥವಾ ಅದಕ್ಕಿಂತ ಕೆಳಗೆ ಬರಲೇಬೇಕು. ನಿಮಗೆ ಸ್ಪರ್ಧೆಯ ಯೋಚನೆ ಇಲ್ಲದಿದ್ದರೆ ಸಹಜ ಬಾಗು ಸಾಕು. ಪೃಷ್ಠ ಮಾತ್ರ ಬೆಂಚ್ ಬಿಟ್ಟು ಏಳಬಾರದು. ಎದ್ದರೆ ಭಾರ ಸೊಂಟಕ್ಕೆ ಬೀಳುತ್ತದೆ.

ರಾಡ್ ಎಷ್ಟು ಅಗಲಕ್ಕೆ ಹಿಡಿಯಬೇಕು?

ರಾಡ್ ಎದೆಯ ಹತ್ತಿರ ಇದ್ದಾಗ ಸ್ನೇಹಿತನನ್ನು ಕಾಲಿನ ಕಡೆ ನಿಲ್ಲಿಸಿ ಮುಂಗೈ ನೋಡಲು ಹೇಳಿ. ಎರಡೂ ಮುಂಗೈ ಕಂಬದ ಹಾಗೆ ನೆಟ್ಟಗಿದ್ದರೆ ಆ ಅಗಲ ನಿಮ್ಮದು. ಹೆಚ್ಚಿನವರಿಗೆ ಅದು ಭುಜದ ಹೊರ ಅಂಚಿನಿಂದ ಒಂದು ಅಂಗೈ ಆಚೆಗೆ ಬರುತ್ತದೆ. ಸ್ಪರ್ಧೆಯ ರಾಡ್‌ನಲ್ಲಿ 81 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಇರುತ್ತವೆ. ತೋರುಬೆರಳು ಆ ಗುರುತು ದಾಟಿ ಹೊರಗೆ ಹೋಗುವಂತಿಲ್ಲ. ನಮ್ಮ ಕಡೆಯ ಎಷ್ಟೋ ಜಿಮ್‌ಗಳ ಸಾದಾ ರಾಡ್‌ನಲ್ಲಿ ಗುರುತೇ ಇರುವುದಿಲ್ಲ. ಟೇಪ್ ಹಿಡಿದು ನಡುವಿನಿಂದ ಎರಡೂ ಕಡೆ ಸಮ ಅಳೆದು ಸುಣ್ಣದ ಕಡ್ಡಿಯಲ್ಲಿ ಗೆರೆ ಹಾಕಿಕೊಳ್ಳಿ. ಒಂದು ಕೈ ಎರಡು ಬೆರಳು ಆಚೆ ಹೋದರೂ ತಿಂಗಳುಗಟ್ಟಲೆ ಒಂದೇ ಭುಜ ಹೆಚ್ಚು ಹೊರುತ್ತದೆ.

ರಾಡ್ ಬೆರಳ ಬುಡದಲ್ಲಿ ಕೂರದೆ ಅಂಗೈಯ ಕೆಳತುದಿಯಲ್ಲಿ, ಮುಂಗೈ ಮೂಳೆಯ ನೇರ ಮೇಲೆ ಕೂರಲಿ. ಮಣಿಕಟ್ಟು ಹಿಂದಕ್ಕೆ ಮಡಚಿದ್ದರೆ ಮೊದಲು ದಣಿಯುವುದೂ ನೋಯುವುದೂ ಅದೇ. ಹೆಬ್ಬೆರಳು ಕಡ್ಡಾಯವಾಗಿ ರಾಡ್ ಸುತ್ತಿ ಬರಬೇಕು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು ಹಿಡಿಯುವವರನ್ನು ಕಂಡರೆ ನಾನು ಸೆಟ್ (ಬಿಡುವಿಲ್ಲದೆ ಒಟ್ಟಿಗೆ ಮಾಡುವ ರೆಪ್‌ಗಳು) ನಿಲ್ಲಿಸಿಯೇ ಬಿಡುತ್ತೇನೆ. ಬೆವರಿದ ಕೈಯಿಂದ ರಾಡ್ ಜಾರಿದರೆ ಕೆಳಗಿರುವುದು ಕುತ್ತಿಗೆ.

ಎಲ್ಲಿಗೆ ಇಳಿಸಬೇಕು? ಮೊಣಕೈ ಹೊರಗೆ ಇರಬೇಕಾ, ಒಳಗಾ?

ನಾನು ಡಿಗ್ರಿ ಓದುವಾಗ ಹೇಳಿಕೊಡುವವರು ಯಾರೂ ಇರಲಿಲ್ಲ. ಗೋಡೆಗೆ ಅಂಟಿಸಿದ್ದ ಒಂದು ಚಿತ್ರ ನೋಡಿ, ಮೊಣಕೈಗಳನ್ನು ಭುಜದ ನೇರಕ್ಕೆ ಪೂರ್ತಿ ಚಾಚಿ, ರಾಡನ್ನು ಕತ್ತಿನ ಹತ್ತಿರ ಇಳಿಸುತ್ತಿದ್ದೆ. ಮೂರು ತಿಂಗಳು ಏನೂ ಆಗಲಿಲ್ಲ. ನಾಲ್ಕನೆಯ ತಿಂಗಳು ಬಲ ಭುಜದ ಮುಂದೆ ಚುಚ್ಚತೊಡಗಿತು. ಆಮೇಲೆ ಅಟ್ಟದ ಮೇಲಿನ ಡಬ್ಬಿ ತೆಗೆಯಲೂ ಕೈ ಮೇಲೇಳದಂತಾಯಿತು. ಸರಿಹೋಗಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳ ನೋವು ಬೇರೆ ಯಾವ ಹುಡುಗನಿಗೂ ಬೇಡ ಅನ್ನುವುದೇ ನಾನು ಈ ಕೆಲಸಕ್ಕೆ ಬಂದ ಕಾರಣ.

ತೋಳು ದೇಹಕ್ಕೆ 90 ಡಿಗ್ರಿಯಲ್ಲಿ ಚಾಚಿಕೊಂಡಾಗ ಭುಜದ ಕೀಲಿನೊಳಗೆ ಜಾಗ ಕಡಿಮೆಯಾಗುತ್ತದೆ. ಭುಜದ ಗುಂಡನ್ನು ಗೂಡಿನಲ್ಲಿ ಹಿಡಿದಿಡುವ ರೊಟೇಟರ್ ಕಫ್ ಎಂಬ ನಾಲ್ಕು ಸಣ್ಣ ಸ್ನಾಯುಗಳಿವೆ. ಅವುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ಪ್ರತಿ ರೆಪ್‌ನಲ್ಲೂ ಒತ್ತಡ ಬೀಳುತ್ತದೆ. ಮೊಣಕೈಯನ್ನು ಸ್ವಲ್ಪ ಒಳಕ್ಕೆ ತಂದು, ದೇಹದಿಂದ 45ರಿಂದ 70 ಡಿಗ್ರಿಯ ನಡುವೆ ಇಟ್ಟರೆ ಈ ಕಾಟ ತಪ್ಪುತ್ತದೆ. ಮೇಲಿನಿಂದ ನೋಡಿದವರಿಗೆ ನಿಮ್ಮ ತಲೆ, ತೋಳುಗಳು ಬಾಣದ ತುದಿಯ ಹಾಗೆ ಕಾಣಬೇಕು. ಹಾಗಂತ ಪಕ್ಕೆಗೆ ಅಂಟಿಸಲೂಬೇಡಿ, ಆಗ ಎದೆಯ ಕೆಲಸ ತಪ್ಪಿ ಎಲ್ಲ ಟ್ರೈಸೆಪ್ಸ್‌ಗೆ ಬೀಳುತ್ತದೆ.

ಮೊಣಕೈ ಹೀಗಿದ್ದರೆ ರಾಡ್ ತಾನಾಗಿ ಮೊಲೆತೊಟ್ಟಿನ ನೇರಕ್ಕೆ ಅಥವಾ ಎರಡು ಬೆರಳು ಕೆಳಗೆ ಬಂದು ತಾಗುತ್ತದೆ. ಇಳಿಸಲು ಎರಡು ಸೆಕೆಂಡ್ ತೆಗೆದುಕೊಳ್ಳಿ. ತಾಗಲಿ, ಒರಗದಿರಲಿ. ಎದೆಗೂಡಿನ ಮೇಲೆ ಧಡ್ ಎಂದು ಪುಟಿಸಿ ಎತ್ತಿದ್ದು ನಿಮ್ಮ ಬಲದ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ಬೆರಳು ಬಾಕಿ ಇರುವಾಗಲೇ ಮೇಲಕ್ಕೆತ್ತುವ ಅರ್ಧ ರೆಪ್ ಕೂಡ ಬರುವುದಿಲ್ಲ.

ಮೇಲಕ್ಕೆ ತಳ್ಳುವಾಗ ರಾಡ್ ನೆಟ್ಟಗೆ ಹೋಗಬೇಕಲ್ವಾ?

ಇಲ್ಲ. ತಾಗಿದ ಜಾಗ ಎದೆಯ ಕೆಳಭಾಗ, ಮೇಲೆ ನಿಲ್ಲಬೇಕಾದ ಜಾಗ ಭುಜದ ಕೀಲಿನ ನೇರ. ಹಾಗಾಗಿ ರಾಡ್ ಮೇಲೇರುತ್ತಾ ಸ್ವಲ್ಪ ಮುಖದ ಕಡೆಗೆ ವಾಲಬೇಕು. ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆದರೆ ಇದು ಚೆನ್ನಾಗಿ ಕಾಣುತ್ತದೆ. ತಳ್ಳುವಾಗ ಪಾದದಿಂದ ನೆಲವನ್ನು ಮುಂದಕ್ಕೆ ದೂಡಿ, ಮೈಯೆಲ್ಲ ತಲೆಯ ಕಡೆಗೆ ಒತ್ತಿದಂತಾಗುತ್ತದೆ.

ಉಸಿರು ಯಾವಾಗ ಬಿಡಬೇಕು?

ಮೇಲೆ ಇರುವಾಗ ಹೊಟ್ಟೆ ತುಂಬ ಎಳೆದುಕೊಳ್ಳಿ, ಹಿಡಿದು ಇಳಿಸಿ, ತಳ್ಳುವಾಗ ಕಷ್ಟದ ಜಾಗ ದಾಟಿದ ಮೇಲೆ ಬಿಡಿ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇದ್ದವರು ಹೀಗೆ ಉಸಿರು ಬಿಗಿಹಿಡಿಯಬಾರದು. ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ನಮ್ಮ ಜಿಮ್‌ನ ರಾಡ್ ಎಷ್ಟು ಕೆಜಿ ಅಂತ ಲೆಕ್ಕ ಹಾಕಲಿ?

ತೂಗಿ ನೋಡಿ. ಒಲಿಂಪಿಕ್ ಮಾದರಿಯ ರಾಡ್ ಗಂಡಸರದ್ದು 20 ಕೆಜಿ, ಹೆಂಗಸರದ್ದು 15 ಕೆಜಿ. ಬಡಾವಣೆಗಳ ಸಣ್ಣ ಜಿಮ್‌ನ ತೆಳು ರಾಡ್‌ಗಳು ಉದ್ದ, ದಪ್ಪಕ್ಕೆ ತಕ್ಕಂತೆ ಬೇರೆ ಬೇರೆ ತೂಗುತ್ತವೆ, ಕೆಲವು 10 ಕೆಜಿಯೂ ಇರುವುದಿಲ್ಲ. ಗುಜರಿ ಅಂಗಡಿಯ ಕಾಟಾಕ್ಕೆ ಒಮ್ಮೆ ಇಟ್ಟರೆ ಮುಗಿಯಿತು. ಹಳೆಯ ಪ್ಲೇಟ್‌ಗಳನ್ನೂ ತೂಗಿಸಿ. ಎರಕದಲ್ಲಿ 10 ಅಂತ ಬರೆದಿದ್ದ ಎರಡು ಪ್ಲೇಟ್‌ಗಳ ನಡುವೆ ಅರ್ಧ ಕೆಜಿಗೂ ಮೇಲೆ ವ್ಯತ್ಯಾಸ ಇದ್ದದ್ದನ್ನು ನಾನೇ ಕಂಡಿದ್ದೇನೆ.

ಬೆಳಿಗ್ಗೆ ಬೇಗ ಒಬ್ಬನೇ ಇರ್ತೀನಿ. ಸಪೋರ್ಟ್‌ಗೆ, ಅಂದ್ರೆ ಬೇಕಾದಾಗ ರಾಡ್ ಹಿಡಿಯೋಕೆ, ಯಾರೂ ಇಲ್ಲದೆ ಮಾಡಬಹುದಾ?

ಒಮ್ಮೆ ನಾನೂ ಹಾಗೆ ಮಾಡಿದೆ. ಚಳಿಗಾಲದ ಬೆಳಗು, ಒಳಗೆ ನಾನೊಬ್ಬನೇ, ರಾಡ್‌ನಲ್ಲಿ 70 ಕೆಜಿ, ಎರಡೂ ಕಡೆ ಪ್ಲೇಟ್ ಜಾರದಂತೆ ಹಾಕುವ ಲಾಕ್ ಬಿಗಿ. ಏಳನೆಯ ರೆಪ್ ಅರ್ಧಕ್ಕೆ ನಿಂತು ರಾಡ್ ಎದೆಗೆ ಬಂದು ಕೂತಿತು. ಕೂಗಿದರೆ ಕೇಳುವವರಿಲ್ಲ. ಹೊಟ್ಟೆಯ ಮೇಲೆ ಇಂಚಿಂಚೇ ಉರುಳಿಸಿ ತೊಡೆಗೆ ತಂದು, ಎದ್ದು ಕೂತೆ. ಪಕ್ಕೆಯಲ್ಲಿ ನೀಲಿಗಟ್ಟಿದ್ದು ಎರಡು ವಾರ ಹೋಗಲಿಲ್ಲ. ರಾಡ್ ಒಂದು ಗೇಣು ಮೇಲೆ, ಕತ್ತಿನ ಮೇಲೆ ಕೂತಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಒಬ್ಬರೇ ಇದ್ದರೆ ಲಾಕ್ ಹಾಕಬೇಡಿ. ಎತ್ತಲಾಗದಿದ್ದರೆ ಒಂದು ಬದಿಗೆ ವಾಲಿಸಿ, ಪ್ಲೇಟ್ ಜಾರಿ ಬೀಳುತ್ತದೆ, ಮರುಕ್ಷಣ ಇನ್ನೊಂದು ಬದಿ ಎಗರುತ್ತದೆ. ಸದ್ದಾಗುತ್ತದೆ, ಟೈಲ್ಸ್ ಒಡೆಯಬಹುದು, ಆಗಲಿ ಬಿಡಿ. ಪವರ್ ರ‍್ಯಾಕ್ (ಬೆಂಚ್ ಒಳಗೆ ಹಿಡಿಸುವ ಕಬ್ಬಿಣದ ಚೌಕಟ್ಟು) ಇದ್ದರೆ ಬೆಂಚನ್ನು ಅದರೊಳಗೆ ಎಳೆದುಕೊಂಡು, ಅಡ್ಡಪಟ್ಟಿಗಳನ್ನು ಎದೆಯುಬ್ಬಿಗಿಂತ ತುಸು ಕೆಳಗೆ, ಕತ್ತಿಗಿಂತ ಮೇಲೆ ಬರುವಂತೆ ಕೂರಿಸಿ. ಅಡ್ಡಪಟ್ಟಿಯೂ ಇಲ್ಲ, ಜನರೂ ಇಲ್ಲ ಅಂದರೆ ಇನ್ನೂ ಎರಡು ಮೂರು ರೆಪ್ ಎತ್ತುವ ತ್ರಾಣ ಇರುವಾಗಲೇ ಸೆಟ್ ಮುಗಿಸಿ.

ಸಪೋರ್ಟ್ ಕೊಡುವವರಿಗೂ ಒಂದು ಮಾತು. ಎಷ್ಟು ರೆಪ್ ಅಂತ ಮೊದಲೇ ಕೇಳಿ. ರಾಡ್ ಚಲಿಸುತ್ತಿರುವವರೆಗೆ ಮುಟ್ಟಬೇಡಿ, ನಿಂತರೆ ಅಥವಾ ಕೆಳಗೆ ಜಾರಿದರೆ ಕೂಡಲೇ ಹಿಡಿಯಿರಿ. ಮೊದಲ ರೆಪ್‌ನಿಂದಲೇ ಎರಡು ಕೈಯಲ್ಲಿ ಎಳೆಯುತ್ತಾ “ಎಲ್ಲಾ ನಿಂದೇ ಅಣ್ಣಾ, ನಿಂದೇ” ಅನ್ನುವವರು ಸ್ನೇಹಿತನಿಗೆ ಸುಳ್ಳು ತೂಕ ಕಲಿಸುತ್ತಿದ್ದಾರೆ. ಆ ತೂಕವನ್ನು ಅವನು ಒಂದು ದಿನ ಒಬ್ಬನೇ ಎತ್ತಲು ಹೋಗುತ್ತಾನೆ.

ನಾನು ಗರಡಿ ಹುಡುಗ. ದಿನಾ ದಂಡ ಹೊಡೀತೀನಿ. ಬೆಂಚ್ ಬೇಕಾ? ಬೆಂಚ್ ಶುರು ಮಾಡಿದ ಮೇಲೆ ದಂಡ ಬಿಡಲಾ?

ಬಿಡಬೇಡಿ. ಈ ಪ್ರಶ್ನೆ ಬಂದಾಗ ನನಗೆ ಖುಷಿ, ಏಕೆಂದರೆ ನಮ್ಮೂರಿನಲ್ಲಿ ಗರಡಿಯ ಮಣ್ಣು ತುಳಿದು ಜಿಮ್‌ಗೆ ಬರುವವರು ಇನ್ನೂ ಇದ್ದಾರೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ಹುಡುಗನ ಮೈಗೆ ನೆಲ ಊರುವುದು ಗೊತ್ತಿರುತ್ತದೆ.

ದಂಡ ಹೊಡೆಯುವಾಗ ಕೈ ನೆಲದಲ್ಲಿ ನಿಂತಿರುತ್ತದೆ, ಮೈ ಚಲಿಸುತ್ತದೆ. ರೆಕ್ಕೆ ಮೂಳೆಗಳು ಬೆನ್ನ ಮೇಲೆ ಸರಾಗ ಹಿಂದೆ ಮುಂದೆ ಜಾರುತ್ತವೆ, ಅವುಗಳನ್ನು ಪಕ್ಕೆಲುಬಿಗೆ ಹಿಡಿದಿಡುವ ಸ್ನಾಯು ಬಲಿಯುತ್ತದೆ. ಬೆಂಚ್‌ನಲ್ಲಿ ಮೈ ನಿಂತಿರುತ್ತದೆ, ಕೈ ಚಲಿಸುತ್ತದೆ. ರೆಕ್ಕೆ ಮೂಳೆ ಬೆಂಚಿಗೆ ಒತ್ತಿಕೊಂಡು ಕದಲದೆ ಕೂರುತ್ತದೆ. ಬೆಂಚ್ ಮಾತ್ರ ಮಾಡುವವರ ಭುಜ ಬಿಗಿಯಾಗುತ್ತಾ ಬರುವುದನ್ನು ನೋಡಿದ್ದೇನೆ, ಅದಕ್ಕೆ ದಂಡ ಒಳ್ಳೆಯ ಮದ್ದು. ಆದರೆ ದಂಡದಲ್ಲಿ ಎತ್ತುವ ಭಾರ ನಿಮ್ಮ ಮೈತೂಕಕ್ಕೇ ನಿಲ್ಲುತ್ತದೆ, ಎಣಿಕೆ ಏರುತ್ತದೆಯೇ ಹೊರತು ತೂಕ ಏರುವುದಿಲ್ಲ. ಬೆಂಚ್‌ನಲ್ಲಿ ವಾರಕ್ಕೆ ಒಂದೂಕಾಲು ಕೆಜಿ ಲೆಕ್ಕದಲ್ಲಾದರೂ ಏರಿಸಬಹುದು.

ಗರಡಿಯಿಂದ ಬಂದವರು ಮಾಡುವ ಒಂದೇ ತಪ್ಪು, ಬೆಂಚ್ ಮೇಲೂ ದಂಡದ ಹಾಗೆ ಭುಜವನ್ನು ಮುಂದಕ್ಕೆ ಬಿಡುವುದು. ಅದನ್ನು ತಿದ್ದಿಕೊಂಡರೆ ಉಳಿದವರಿಗಿಂತ ಬೇಗ ಕಲಿಯುತ್ತೀರಿ. ಬೆಂಚ್ ದಿನ ಭಾರ ಮುಗಿದ ಮೇಲೆ ದಂಡ ಹೊಡೆಯಿರಿ, ಮೊದಲು ಬೇಡ.

ಎಷ್ಟು ಸೆಟ್? ವಾರಕ್ಕೆ ಎಷ್ಟು ದಿನ?

ಹೊಸಬರಿಗೆ ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಮೂರು ಸೆಟ್, ಎಂಟೆಂಟು ರೆಪ್, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಮೂರೂ ಸೆಟ್‌ನಲ್ಲಿ ಎಂಟನೆಯ ರೆಪ್ ಮೊದಲನೆಯದರ ಹಾಗೇ ಕಂಡರೆ ಮುಂದಿನ ಸಲ 2.5 ಕೆಜಿ ಏರಿಸಿ, ಅಂದರೆ ಪ್ರತಿ ಬದಿಗೆ 1.25. ನೇರವಾಗಿ ಭಾರಕ್ಕೆ ಹಾರಬೇಡಿ. ಈ ಹೊತ್ತು ನೀವು ಎತ್ತಬೇಕಾದ ತೂಕ 50 ಕೆಜಿ ಅಂದುಕೊಂಡರೆ ಖಾಲಿ ರಾಡ್ ಹತ್ತು ರೆಪ್, 30 ಕೆಜಿ ಆರು, 40 ಕೆಜಿ ಮೂರು, ಆಮೇಲೆ 50. ಎದೆಗೆ ಎಷ್ಟು ಸೆಟ್ ಮಾಡುತ್ತೀರೋ ಬೆನ್ನಿಗೂ ಅಷ್ಟು ಎಳೆಯುವ ವ್ಯಾಯಾಮ ಮಾಡಿ. ಕನ್ನಡಿಯಲ್ಲಿ ಕಾಣುವುದಿಲ್ಲ ಅಂತ ಬೆನ್ನನ್ನು ಬಿಟ್ಟವರ ಭುಜ ಮುಂದಕ್ಕೆ ಬಾಗಿಕೊಳ್ಳುತ್ತದೆ.

ಸೋಮವಾರ ಎಲ್ಲರೂ ಚೆಸ್ಟ್ ಹೊಡೆಯುವುದರಿಂದ ಬೆಂಚ್ ಸಿಗುವುದಿಲ್ಲ, ಕಾಯುವಷ್ಟರಲ್ಲಿ ಮೈ ತಣ್ಣಗಾಗುತ್ತದೆ. ಮಂಗಳವಾರ ಇಟ್ಟುಕೊಳ್ಳಿ.

ಮರುದಿನ ನೋವು ಬಂದರೆ?

ಎದೆಯ ಮಾಂಸದಲ್ಲಿ ಒತ್ತಿದರೆ ನೋಯುವ ಮೈನೋವು ಎರಡು ಮೂರು ದಿನದಲ್ಲಿ ಹೋಗುತ್ತದೆ, ಹೆದರಬೇಕಾಗಿಲ್ಲ. ಭುಜದ ಮುಂದೆ, ಕೀಲಿನೊಳಗೆ ಚುಚ್ಚುವ ನೋವು ಬೇರೆ ಜಾತಿ. ಅದು ರೆಪ್‌ನ ನಡುವೆ ಬಂದರೆ ಆ ಸೆಟ್ ಅಲ್ಲಿಗೇ ಮುಗಿಯಿತು. ಎರಡು ವಾರ ಹಗುರ ಮಾಡಿ, ಮೊಣಕೈ ಕೋನ ಮತ್ತು ಹಿಡಿತದ ಅಗಲ ಪರೀಕ್ಷಿಸಿ. ಆಗಲೂ ಹೋಗದಿದ್ದರೆ ಮೂಳೆ ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕಾಣಿ. ಇಳಿಸುವಾಗ ಎದೆ ಅಥವಾ ಕಂಕುಳ ಹತ್ತಿರ “ಟಪ್” ಎಂದು ಏನೋ ಕಿತ್ತ ಹಾಗಾಗಿ ನೀಲಿಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎದೆಯ ಸ್ನಾಯು ಹರಿದಿರಬಹುದು. ಎಣ್ಣೆ ತಿಕ್ಕಿಸಿಕೊಂಡು ದಿನ ಕಳೆಯಬೇಡಿ.

ಮಗನಿಗೆ ಹದಿನೈದು ವರ್ಷ. ಈಗಲೇ ತೂಕ ಎತ್ತಿದರೆ ಎತ್ತರ ಬೆಳೆಯಲ್ಲ ಅಂತಾರೆ, ನಿಜಾನಾ?

ನಿಜವಲ್ಲ. ತಿಳಿದವರ ಕಣ್ಣೆದುರು, ಹಗುರ ತೂಕದಲ್ಲಿ, ಸರಿಯಾದ ಕ್ರಮದಲ್ಲಿ ಮಾಡುವ ಹುಡುಗರ ಬೆಳವಣಿಗೆ ಕುಂಠಿತವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅಪಾಯ ಇರುವುದು ಗೆಳೆಯರ ಎದುರು “ನೀನೆಷ್ಟು ಹೊಡೀತೀ” ಅಂತ ಪಣ ಕಟ್ಟಿ ಎತ್ತುವುದರಲ್ಲಿ. ಸರಿಯಾಗಿ ಇಪ್ಪತ್ತು ದಂಡ ಹೊಡೆಯಲು ಬರುವವರೆಗೆ ಕಾಯಿಸಿ, ಆಮೇಲೆ ಖಾಲಿ ರಾಡ್ ಕೊಡಿ.

ಹೆಣ್ಣುಮಕ್ಕಳು ಮಾಡಿದರೆ ಗಂಡಸರ ಹಾಗೆ ಎದೆ ಉಬ್ಬುತ್ತಾ?

ಇಲ್ಲಮ್ಮ. ಅಷ್ಟು ಮಾಂಸ ಕಟ್ಟುವ ಹಾರ್ಮೋನ್ ಹೆಂಗಸರ ಮೈಯಲ್ಲಿ ತೀರ ಕಡಿಮೆ. ತೋಳು, ಭುಜ ಗಟ್ಟಿಯಾಗುತ್ತವೆ, ಗ್ಯಾಸ್ ಸಿಲಿಂಡರ್ ಸರಿಸಲು ಯಾರನ್ನೂ ಕರೆಯಬೇಕಾಗುವುದಿಲ್ಲ. ಕ್ರಮ ಎಲ್ಲ ಒಂದೇ. 20 ಕೆಜಿ ರಾಡ್ ಭಾರವಾದರೆ 15 ಕೆಜಿಯದು ಅಥವಾ ಡಂಬೆಲ್ ಹಿಡಿದು ಶುರು ಮಾಡಿ.

ನನಗೆ ಪೋಲಿಯೋ ಆಗಿ ಒಂದು ಕಾಲಿನಲ್ಲಿ ಬಲ ಇಲ್ಲ. ಬೆಂಚ್ ಆಗುತ್ತಾ ಸರ್?

ಖಂಡಿತ ಆಗುತ್ತದೆ. ಪ್ಯಾರಾಲಿಂಪಿಕ್ಸ್‌ನ ಪವರ್‌ಲಿಫ್ಟಿಂಗ್ ಎಂದರೆ ಪೂರ್ತಿ ಬೆಂಚ್ ಪ್ರೆಸ್ ಒಂದೇ. ಅಲ್ಲಿ ಕಾಲುಗಳನ್ನೂ ಉದ್ದದ ಬೆಂಚ್ ಮೇಲೆ ಚಾಚಿ, ಪಟ್ಟಿ ಕಟ್ಟಿ ಎತ್ತುತ್ತಾರೆ. ಪೋಲಿಯೋ ಆಗಿದ್ದ ರಾಜಿಂದರ್ ಸಿಂಗ್ ರಹೇಲು 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸುಧೀರ್ 212 ಕೆಜಿ ಎತ್ತಿ ಚಿನ್ನ ತಂದರು, ಅವರಿಗೂ ಬಾಲ್ಯದಲ್ಲಿ ಪೋಲಿಯೋ ಆಗಿತ್ತು. ಬೆಂಚ್ ಅಗಲವಾಗಿರಲಿ, ತೊಡೆಗೆ ಒಂದು ಪಟ್ಟಿ ಇರಲಿ, ಸಪೋರ್ಟ್ ಇಲ್ಲದೆ ಮಾತ್ರ ಬೇಡ.

ಬೆಣ್ಣೆ ದೋಸೆ ತಿಂದು ಬಂದರೆ ಆಗುತ್ತಾ? ಪ್ರೋಟೀನ್ ಪುಡಿ ಬೇಕೇ ಬೇಕಾ?

ದೋಸೆ ತಿಂದರೆ ಎರಡು ಗಂಟೆ ಬಿಟ್ಟು ಬನ್ನಿ, ತುಂಬಿದ ಹೊಟ್ಟೆಯಲ್ಲಿ ಉಸಿರು ಹಿಡಿಯಲಾಗದು. ಪುಡಿ ಕಡ್ಡಾಯವಲ್ಲ. ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಿಕ್ಕರೆ ಸಾಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಹತ್ತಿರ ಇದೆ. ಪಕ್ಕದ ಚಳ್ಳಕೆರೆಯ ಶೇಂಗಾ, ಮನೆಯ ಮೊಸರು, ಬೇಳೆ, ಹೆಸರುಕಾಳಿನಿಂದ ಅರ್ಧಕ್ಕಿಂತ ಹೆಚ್ಚು ದಾರಿ ಸಾಗುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೆವರಿಗೆ ರೆಕ್ಸಿನ್ ಜಾರಿ ಬೆನ್ನು ನಿಲ್ಲುವುದಿಲ್ಲ, ಬೆಂಚ್ ಮೇಲೆ ಒಣ ಟವೆಲ್ ಹಾಸಿಕೊಳ್ಳಿ.

ನಾಳೆ ಬೆಳಿಗ್ಗೆಯೇ ಶುರು ಮಾಡ್ತೀನಿ. ಮೊದಲ ದಿನ ಏನು ಮಾಡಲಿ?

ಖಾಲಿ ರಾಡ್, ಐದು ಸೆಟ್, ಐದೈದು ರೆಪ್. ಪ್ರತಿ ಸೆಟ್‌ಗೂ ಎದ್ದು ಕೂತು ಮತ್ತೆ ಮೊದಲಿಂದ ಮಲಗಿ: ಕಣ್ಣು, ರೆಕ್ಕೆ ಮೂಳೆ, ಪಾದ, ಹಿಡಿತ. ಅಲ್ಲಿಗೆ ಐದು ಸಲ ಮಲಗುವ ಅಭ್ಯಾಸ ಆಯಿತು. ಪಕ್ಕದಿಂದ ಒಂದು ಸೆಟ್‌ನ ವಿಡಿಯೋ ತೆಗೆಸಿ ಇಟ್ಟುಕೊಳ್ಳಿ. ಎರಡನೆಯ ವಾರ ಪ್ಲೇಟ್ ಹಾಕುವ ದಿನ ಬಂದಾಗ ಒಂದು ಕಡೆಯವನ್ನೆಲ್ಲ ಒಟ್ಟಿಗೆ ಹಾಕುವುದು, ಒಟ್ಟಿಗೆ ಬಿಚ್ಚುವುದು ಬೇಡ. ಈ ಬದಿ ಒಂದು, ಆ ಬದಿ ಒಂದು. ಇಲ್ಲದಿದ್ದರೆ ಭಾರದ ಕಡೆ ರಾಡ್ ಸ್ಟ್ಯಾಂಡಿನಿಂದ ಮಗುಚಿ, ಪಕ್ಕದ ಬೆಂಚ್‌ನಲ್ಲಿ ಮಲಗಿದವನ ಮೇಲೆ ಬೀಳುತ್ತದೆ.